ಲೆಕ್ಕದವಳ ಒಡಪು

“ಒಡಪ ಹಚ್ಚಿ ನಮ್ಮ ಅಣ್ಣನ ಹೆಸರ ಹೇಳ್ರಿ ವೈನಿ. ಇಲ್ಲಾಂದ್ರ ಒಳಗ ಬಿಡಂಗಿಲ್ಲ!” ಎಂದು ನಾದಿನಿ ದೀಪಾ ಬಾಗಿಲಿಗೆ ಎರಡೂ ಕೈ ಅಡ್ಡ ಚಾಚಿ ನಿಂತುಬಿಟ್ಟಳು.

ಮೂಡಲಗಿಯಿಂದ ಮದುಮಕ್ಕಳನ್ನು ತಂದ ಕ್ರೂಸರ್ ಆಗಷ್ಟೇ ದಡ್ಡಿ ಊರಿನ ಗಂಡಿನ ಮನೆಯ ಮುಂದೆ ನಿಂತಿತ್ತು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು, ಒಳಗೆ ಆರತಿ ಹಿಡಿದ ಅತ್ತೆ ಉದ್ದವ್ವ, ಅವರ ಹಿಂದೆ ಕತ್ತು ಚಾಚಿದ ಓಣಿಯ ಹೆಂಗಸರು. ಗಂಡನ ಹೆಸರನ್ನು ಪ್ರಾಸದ ಎರಡು ಸಾಲಿನಲ್ಲಿ ಹೆಣೆದು ಹೇಳದೆ ಹೊಸ ಸೊಸೆ ಸೇರು ಒದೆಯುವಂತಿಲ್ಲ. ಅದೇ ಒಡಪು.

“ಪಾಪ, ಬಿಡ ದೀಪಾ,” ಎಂದರು ಉದ್ದವ್ವ. “ಅಕಿ ಹೈಸ್ಕೂಲಿನಾಗ ಲೆಕ್ಕ ಕಲಸಾಕಿ. ಲೆಕ್ಕದವರಿಗೆ ಹಾಡ, ಒಡಪ, ನಗೂದು ಇವೆಲ್ಲಾ ಎಲ್ಲಿ ಬರತಾವ?”

ಹೆಂಗಸರು ಗೊಳ್ಳೆಂದು ನಕ್ಕರು. ಮದುಮಗಳು ಅರ್ಚನಾಳ ಕಿವಿ ಬಿಸಿಯಾಯಿತು. ಈ ಮಾತು ಅವಳಿಗೆ ಹೊಸದಲ್ಲ. ಇದೇ ಲೆಕ್ಕದ ದೆಸೆಯಿಂದ ಮೊದಲು ಎರಡು ಸಂಬಂಧ ತಪ್ಪಿದ್ದವು. ‘ನಮ್ಮ ಹುಡುಗ ಎರಡನೇ ಸಲ ಉಪ್ಪಿನಕಾಯಿ ಹಾಕಿಸಿಕೊಂಡರೂ ಇವಳು ಲೆಕ್ಕ ಇಡುತ್ತಾಳೆ’ ಎಂದು ಒಬ್ಬರು ಬಂದ ದಾರಿ ಹಿಡಿದಿದ್ದರು. ಉದ್ದವ್ವನವರು ಮಾತ್ರ ಸರಕಾರಿ ನೌಕರಿಯನ್ನು ಕಣ್ತುಂಬ ನೋಡಿ, ವಿಷಯ ಯಾವುದೆಂಬುದಕ್ಕೆ ಕಣ್ಣು ಮುಚ್ಚಿಕೊಂಡಿದ್ದರು. ಅದಕ್ಕೇ ಅರ್ಚನಾಳ ತಾಯಿ ಮಲ್ಲಿಗೆ ಹೂವಿನದೊಂದು ಒಡಪು ಬಾಯಿಪಾಠ ಮಾಡಿಸಿ, “ಅಲ್ಲಿ ಹೋಗಿ ಲೆಕ್ಕದ ಸುದ್ದಿ ಮಾತ್ರ ತಗೀಬ್ಯಾಡ ನನ್ನವ್ವ” ಎಂದು ಕಳಿಸಿದ್ದಳು.

ಮಲ್ಲಿಗೆ ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಇವತ್ತು ಈ ಬಾಗಿಲಲ್ಲಿ ಲೆಕ್ಕದ ಮೇಲಿನ ಪ್ರೀತಿಯನ್ನು ಬಚ್ಚಿಟ್ಟರೆ ಮುಂದೆ ಬದುಕಿಡೀ ಬಚ್ಚಿಡಬೇಕಾಗುತ್ತದೆ ಎನ್ನಿಸಿ ಅವಳಿಗೆ ಭಯವಾಯಿತು. ಸಿಟ್ಟೂ ಬಂತು. ಮಲ್ಲಿಗೆಯನ್ನು ನುಂಗಿಕೊಂಡಳು.

“ಕೂಡಿಸಿ, ಕಳದು, ಗುಣಿಸಿ ನೋಡಿದ್ನಿ, ಉತ್ತರ ಬಂದಿದ್ದೊಂದ:
ಮಾಲಿಂಗರಾಯರ ಬಾಜೂಕ ನಿಂತರ ಎಲ್ಲಾ ಲೆಕ್ಕಾನೂ ಚೆಂದ!”

ಹೆಂಗಸರಲ್ಲಿ ಯಾರೋ, “ಯವ್ವಾ, ಗುಣಾಕಾರ ಅಂದಕೂಡ್ಲೆ ನನ್ನ ಎದಿ ಧಸಕ್ಕಂತ ನೋಡ!” ಎಂದರು. ಅಲ್ಲಿಗೆ ಕಟ್ಟೆ ಒಡೆಯಿತು. ಒಬ್ಬಳು ಮಗ್ಗಿಗೆ ಹೆದರಿ ಸಾಲಿ ಬಿಟ್ಟಿದ್ದಳು, ಇನ್ನೊಬ್ಬಳು ಲೆಕ್ಕದ ಮಾಸ್ತರರನ್ನು ಕಂಡು ಬಣವೆಯ ಹಿಂದೆ ಅಡಗಿದ್ದಳು. “ನನಗೂ ಲೆಕ್ಕ ಅಂದ್ರ ಜ್ವರಾನ ಬರತಾವ. ಹೆಂಗೋ ಅಂಚಿಗೆ ಪಾಸಾಗಾಕತ್ತೇನಿ,” ಎಂದು ಗೋಕಾಕದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವ ದೀಪಾ ಎಲ್ಲರಿಗಿಂತ ಜೋರಾಗಿ ನಕ್ಕಳು. “ನನ್ನ ಮಗಾ ಏನ ಕಮ್ಮಿ? ಲೆಕ್ಕದಾಗ ಮೂರ ಸಲ ಕುಂತ ಪಾಸಾದಾಂವ!” ಎಂದು ಉದ್ದವ್ವ ಎದೆಯುಬ್ಬಿಸಿ ಹೇಳಿದರು. ರೊಟ್ಟಿ ಸೀದರೆ ನೆರೆಯವರಿಗೆ ಗೊತ್ತಾಗದಂತೆ ದನಕ್ಕೆ ಹಾಕುವ ಈ ಜನ, ಲೆಕ್ಕದಲ್ಲಿ ನಪಾಸಾದದ್ದನ್ನು ಮಾತ್ರ ಕುಸ್ತಿ ಗೆದ್ದವರಂತೆ ಹೇಳಿಕೊಳ್ಳುವುದನ್ನು ಅರ್ಚನಾ ಬೆರಗಾಗಿ ನೋಡಿದಳು.

“ಈಗ ನೀ ಹಚ್ಚಪಾ ಮಾಲಿಂಗ!” ಎಂದು ಹೆಂಗಸರು ಮದುಮಗನ ಮೇಲೆ ಬಿದ್ದರು. ಮಾಲಿಂಗ ಬೆವರಿದ. ಅವನೇನಾದರೂ ತನ್ನನ್ನು ಆಡಿಕೊಂಡು ಇವರ ನಗೆಗೆ ನಗೆ ಸೇರಿಸಿದರೆ ಎಂದು ಅರ್ಚನಾಳ ಜೀವ ಬಾಯಿಗೆ ಬಂತು. ಅವನು ಬಾಸಿಂಗ ಸರಿಮಾಡಿಕೊಂಡು, ಕೆಮ್ಮಿ, ಹೇಳಿಯೇಬಿಟ್ಟ:

“ಲೆಕ್ಕದ ಪರೀಕ್ಷಾ ದಿನಾ ಹೊಟ್ಟಿಬ್ಯಾನಿ ಅಂತ ಹಾಸಿಗ್ಯಾಗ ಮಲಗತಿದ್ನಿ;
ಅರ್ಚನಾ ಆವಾಗ ಸಿಕ್ಕಿದ್ದರ ಒಂದ ಸಲಕ್ಕ ಪಾಸಾಗತಿದ್ನಿ!”

ಉದ್ದವ್ವನೇ ಮೊದಲು ನಕ್ಕರು. ನಗುವಿನ ಭರಕ್ಕೆ ಆರತಿಯ ದೀಪ ಆರಿಹೋಗಿ ಮತ್ತೆ ಹಚ್ಚಬೇಕಾಯಿತು. “ಬಾರವ್ವ ಒಳಗ. ಲೆಕ್ಕದಾಕಿ ಆದ್ರೂ ಮಾತ ಬರತೈತಿ ನಿನಗ,” ಎಂದರು. ಅರ್ಚನಾ ಸೇರು ಒದ್ದು ಒಳಗೆ ಬಂದಳು. ಅವಳಿಗೆ ಕುಣಿಯುವಷ್ಟು ಸಂತೋಷವಾಗಿತ್ತು.

ಹೆಂಗಸರು ಊಟಕ್ಕೆ ಎದ್ದ ಮೇಲೆ ದೀಪಾ ನೀರಿನ ತಂಬಿಗೆ ಹಿಡಿದು ಬಂದು ಪಕ್ಕಕ್ಕೆ ಕುಳಿತಳು. “ವೈನಿ, ಕೂಡಿಸಿ, ಕಳದು, ಗುಣಿಸಿ ಅಂದ್ರಿ. ಭಾಗಾಕಾರ ಯಾಕ ಬಿಟ್ರಿ?”

“ಮನಿ ಹೊಕ್ಕ ದಿನಾನ ಭಾಗದ ಮಾತ ತಗದ್ರ ಅತ್ತಿಯವರು ಹೊರಗ ಹಾಕತಿದ್ರು,” ಎಂದು ಅರ್ಚನಾ ನಕ್ಕಳು. “ಜ್ವರ ಬರೂ ಹುಡುಗಿ ಇಷ್ಟ ಲಕ್ಷ್ಯ ಕೊಟ್ಟ ಕೇಳಿದೇನ?”

ದೀಪಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಖರೆ ಹೇಳಬೇಕಂದ್ರ, ಲೆಕ್ಕದಾಗ ಕಾಲೇಜಿಗೆ ನಾನ ಪಹಿಲಾ ನಂಬರ್ರಿ. ಮನ್ಯಾಗ ಯಾರಿಗೂ ಹೇಳಿಲ್ಲ.”

“ಹುಚ್ಚಿ! ಇದನ್ನೇನ ಮುಚ್ಚಿಡೂದು? ಈಗ ಅತ್ತಿಯವರಿಗೆ ಹೇಳಿ ಬರತೇನಿ, ತಡಿ,” ಎಂದು ಅರ್ಚನಾ ಎದ್ದೇಬಿಟ್ಟಳು.

ದೀಪಾ ಅವಳ ಸೆರಗನ್ನು ಗಟ್ಟಿಯಾಗಿ ಹಿಡಿದು ಜಗ್ಗಿದಳು.

“ಬ್ಯಾಡ್ರಿ ವೈನಿ, ಕಾಲ ಬೀಳತೇನಿ! ಬರೂ ವಾರ ಹುಕ್ಕೇರಿಯವರು ನನ್ನ ನೋಡಾಕ ಬರಾವ್ರ ಅದಾರ. ನಿಮಗೇನ್ರಿ, ನಿಮ್ಮ ಲಗ್ನ ಆಗೇತಿ!”