ಟೀಚರ ನೆರಳು

ಪ್ರತಿ ಶನಿವಾರ ಪ್ರಾರ್ಥನೆ ಮುಗಿದ ಕೂಡಲೇ ಶಾಲೆಯ ಅಂಗಳದಲ್ಲಿ ನೆರಳು ತಪಾಸಣೆ. ಮಾತಾಡಿಸುವ ಮೊದಲೇ ಯಾರ ಬಗ್ಗೆಯಾದರೂ ಅಳುಕೋ ತಾತ್ಸಾರವೋ ಇದ್ದರೆ ನೆರಳು ಅವರಿಂದ ದೂರ ಸರಿಯುವುದು ಆ ಕಾಲದಲ್ಲಿ ನೆಗಡಿಯಷ್ಟೇ ಸಾಮಾನ್ಯವಾಗಿತ್ತು. ಸುಶೀಲಾ ಟೀಚರ್ ಅದಕ್ಕಾಗಿ ಯಾರನ್ನೂ ಬೈದವರಲ್ಲ. "ನಿನ್ನ ನೆಳ್ಳಿಗೆ ಇದನ್ನ ಕಲಿಸಿದವ್ರು ಯಾರು?" ಎಂದು ಕೇಳಿ, ಇಬ್ಬರನ್ನೂ ಐದು ಕಲ್ಲಿನ ಆಟಕ್ಕೆ ಕೂರಿಸುತ್ತಿದ್ದರು. ನೆರಳಿಗೆ ನೆರಳು ತಾಗುವವರೆಗೂ ಏಳುವಂತಿರಲಿಲ್ಲ.

ಒಂದು ಶನಿವಾರ ಊರಾಚೆಯ ಗುಡಾರಗಳಿಂದ ದುರುಗವ್ವ ಎಂಬ ಹೊಸ ಹುಡುಗಿ ಬಂದಿದ್ದಳು. "ಬಾರವ್ವಾ" ಎಂದು ಟೀಚರ್ ಕೈಚಾಚಿದರು. ಅವರ ನೆರಳು ಮಾತ್ರ ಒಂದು ಗೇಣು ಹಿಂದೆ ಸರಿಯಿತು.

ಮಕ್ಕಳೆಲ್ಲ ಮುಖ ಮುಖ ನೋಡಿಕೊಂಡರು. ನಾಲ್ಕನೆಯ ತರಗತಿಯ ಮಾಬುಸಾಬ ಮೆಲ್ಲಗೆ ಕೇಳಿದ: "ಟೀಚರ್, ನಿಮ್ಮ ನೆಳ್ಳಿಗೆ ಕಲಿಸಿದವ್ರು ಯಾರ್ರೀ?"

ಟೀಚರ ಮುಖ ಕೆಂಪಾಯಿತು. "ನಮ್ಮವ್ವನಪಾ. ಗುಡಾರದವ್ರು ಹಿಡಕೊಂಡ ಹೋಗ್ತಾರ ಅಂತ ಹೆದರಿಸಿ ಉಣಿಸ್ತಿದ್ಲು."

"ಇರ್ಲಿ ಬಿಡ್ರಿ, ಕುಂದರ್ರಿ" ಎಂದು ಅವನೇ ಕಲ್ಲುಗಳನ್ನು ತಂದುಕೊಟ್ಟ.

ಟೀಚರ್ ಸೆರಗು ಸಿಕ್ಕಿಸಿ ದುರುಗವ್ವನ ಎದುರು ಮಣ್ಣಿನಲ್ಲೇ ಕೂತರು. ಮೊದಲ ಆಟ ಸೋತರು, ಎರಡನೆಯದನ್ನೂ ಸೋತರು. "ಹಂಗಲ್ರೀ ಟೀಚರ್!" ಎಂದು ಮಕ್ಕಳೆಲ್ಲ ಮುತ್ತಿಕೊಂಡರು. ದುರುಗವ್ವ ನಕ್ಕುಬಿಟ್ಟಳು. ಆಮೇಲೆ ಟೀಚರ ಕಿವಿಯ ಹತ್ತಿರ ಬಾಗಿದಳು.

"ನನ್ನ ನೆಳ್ಳೂ ಹಿಂದ ಸರದಿತ್ರೀ. ಯಾರೂ ನೋಡ್ಲಿಲ್ಲ. ಟೀಚರ್ ಅಂದ್ರ ಹೊಡಿತಾರ ಅಂತ ನಮ್ಮವ್ವ ಹೇಳಿದ್ಲು."

ಅಷ್ಟರಲ್ಲಿ ಮಾಬುಸಾಬ ನೆಲ ತೋರಿಸಿ ಕೂಗಿದ: "ತಾಗಿತು! ಟೀಚರ್, ಇನ್ನ ಏಳಬಹುದ್ರೀ!"

"ಸುಮ್ನಿರೋ" ಎಂದರು ಟೀಚರ್, ಕಲ್ಲನ್ನು ಮೇಲಕ್ಕೆ ಚಿಮ್ಮುತ್ತ. "ಈ ಆಟ ನಾ ಗೆಲ್ಲಾಕತ್ತೀನಿ."