ಫಕೀರಪ್ಪನ ಮೆಚ್ಚಿನ ಹಾಡು

ಗಿರಣಿ ಚಾಳಿನ ಕೊಳಲು ಬ್ಯಾಂಡಿಗೆ ಎಂಬತ್ತು ವರ್ಷ. ಅದರಲ್ಲಿ ನಲವತ್ತೊಂದು ವರ್ಷ ಮುಂದಿನ ಸಾಲಿನಲ್ಲಿ ನಿಂತು ಊದಿದ ಫಕೀರಪ್ಪ ಈಗ ಎದೆಯ ರೋಗದಿಂದ ಹಾಸಿಗೆ ಹಿಡಿದಿದ್ದ. ಮೂರು ತಿಂಗಳಾದರೂ ಬ್ಯಾಂಡಿನವರೊಬ್ಬರೂ ಇತ್ತ ತಲೆ ಹಾಕಿರಲಿಲ್ಲ. ಕೇಳಿದಾಗಲೆಲ್ಲ ಹೆಂಡತಿ ಗುರವ್ವ, "ಬರ್ತಾರ ಬಿಡ್ರಿ" ಎನ್ನುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಬ್ಯಾಂಡಿನ ಹನ್ನೊಂದು ಮಂದಿಯೂ ಕೊಳಲು ಹಿಡಿದು ಒಟ್ಟಿಗೆ ಬಂದರು. ಕೋಣೆಯಲ್ಲಿ ಜಾಗ ಸಾಲದೆ ಕೆಲವರು ಹೊಸ್ತಿಲಲ್ಲೇ ನಿಂತರು. ಬ್ಯಾಂಡ್ ಮಾಸ್ತರ ಶಿವಪುತ್ರ ಮಂಚದ ಪಕ್ಕ ಕೂತು ಅವನ ಕೈ ಹಿಡಿದುಕೊಂಡ.

"ಕಾಕಾ, ನಿಮಗ ಎಲ್ಲಾಕ್ಕಿಂತ ಸೇರೋ ಹಾಡು ಯಾವುದ್ರಿ?"

ಫಕೀರಪ್ಪ ದಿಂಬಿಗೆ ಒರಗಿ ಎದ್ದು ಕೂತ. ತನ್ನ ಗುರು ಭೈರವಿ ರಾಗದಲ್ಲಿ ಕಟ್ಟಿದ ಭಜನೆಯೊಂದರ ಹೆಸರು ಹೇಳಿದ. ಅವರು ಅಲ್ಲೇ ಊದಿದರು. ಎರಡನೆಯ ಚರಣಕ್ಕೆ ಬಂದಾಗ ಅವನು ಕೈ ಎತ್ತಿ ತಡೆದ.

"ಅಲ್ಲಿ ಅವಸರ ಮಾಡಬ್ಯಾಡ್ರೋ. ಸಾವಕಾಶ ಇಳೀಬೇಕದು."

ಉಸಿರು ಕಟ್ಟುತ್ತಿದ್ದರೂ ಸ್ವರ ಹೇಳಿಕೊಟ್ಟ, ತಪ್ಪಿದಲ್ಲೆಲ್ಲ ತಿದ್ದಿದ. ನಾಲ್ಕನೆಯ ಸಲ ಹಾಡು ಎಲ್ಲಿಯೂ ಕುಂದಿಲ್ಲದೆ ಬಂತು. ಅವರು ಚಹಾ ಕುಡಿದು ಎದ್ದಾಗ ಫಕೀರಪ್ಪ, "ಮತ್ತ ಬರ್ರಪಾ" ಎಂದ.

"ಬರ್ತೀವಿ ಕಾಕಾ, ಎಲ್ಲಾರೂ ಬರ್ತೀವಿ."

ತನ್ನನ್ನು ಇವರು ಮರೆತಿಲ್ಲ ಎಂಬ ನೆಮ್ಮದಿಯಲ್ಲಿ ಅವನು ಕಣ್ಣು ಮುಚ್ಚಿದ. ಕಿಟಕಿಯಾಚೆ ಶಿವಪುತ್ರ ಗುರವ್ವನಿಗೆ ಹೇಳುತ್ತಿದ್ದುದು ಕೇಳಿಸಿತು.

"ಹೆಣದ ಮುಂದ ಊದಾಕ ಹಾಡು ತಯಾರಾತು ಚಿಗವ್ವ. ಬುಧವಾರದೊಳಗ ಆದ್ರ ಎಲ್ಲಾರೂ ಸಿಗ್ತೀವಿ, ಆಮ್ಯಾಲೆ ನಮಗ ಲಗ್ನದ ಸುಗ್ಗಿ ಐತಿ."