ಓದು ಬರಹ ಬಲ್ಲ ಯಂತ್ರ

"ಇದು ಬೇಡ, ತುಂಬ ಚೆನ್ನಾಗಿ ಹೀರುತ್ತೆ," ಎಂದ ತೆಫಿಕ್.

ಅಂಗಡಿಯವನು ಕೈಯಲ್ಲಿದ್ದ ಯಂತ್ರವನ್ನು ಒಮ್ಮೆ, ಗಿರಾಕಿಯನ್ನು ಒಮ್ಮೆ ನೋಡಿದ. ಕಾರಿನೊಳಗಿನ ಕಸ ಹೀರುವ ಪುಟ್ಟ ವ್ಯಾಕ್ಯೂಮ್ ಕ್ಲೀನರುಗಳನ್ನು ಅವನು ಏಳು ವರ್ಷದಿಂದ ಮಾರುತ್ತಿದ್ದ. ಇಂಥ ದೂರು ಬಂದದ್ದು ಇದೇ ಮೊದಲು.

"ಮತ್ತೆ ಎಂಥದ್ದು ಬೇಕು ಯಜಮಾನ್ರೇ?"

"ನೋಡಪ್ಪಾ, ಸಿಗರೇಟಿನ ಬೂದಿ ಹಾಗೇ ಇರ್ಬೇಕು. ಸೂರ್ಯಕಾಂತಿ ಬೀಜದ ಸಿಪ್ಪೆ ಇರ್ಬೇಕು. ಮಣ್ಣೂ ಇರ್ಲಿ. ಗುರಾಬಿಯೆ ಪುಡಿ ಒಂದು ಮಾತ್ರ ಹೋಗ್ಬೇಕು."

"ಅಷ್ಟು ಓದು ಬರಹ ಬಲ್ಲ ಯಂತ್ರ ಇನ್ನೂ ಅಲ್ಬೇನಿಯಾಕ್ಕೆ ಬಂದಿಲ್ಲ."

ಗುರಾಬಿಯೆ ಎಂದರೆ ಬೆಣ್ಣೆ ಬಿಸ್ಕತ್ತು. ಮುಟ್ಟಿದರೆ ಮುರಿಯುತ್ತದೆ, ಮೈತುಂಬ ಸಕ್ಕರೆ ಪುಡಿ. ತೆಫಿಕ್‌ನಿಗೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದ ದಿನದಿಂದ ಹೆಂಡತಿ ಲುಮ್ತೂರಿ ಅದನ್ನು ಮಾಡುವುದನ್ನೇ ಬಿಟ್ಟಿದ್ದಳು. ಇವನು ಬಸ್ ನಿಲ್ದಾಣದ ಬೇಕರಿಯಲ್ಲಿ ಕಟ್ಟಿಸಿಕೊಂಡು, ಕಾರಿನ ಗಾಜು ಏರಿಸಿ, ಒಬ್ಬನೇ ಕೂತು ತಿನ್ನುತ್ತಿದ್ದ. ಆದರೆ ಪ್ರತಿ ಶನಿವಾರ ಆ ಕಾರು ಭಾವಮೈದ ಗೆಜಿಮ್‌ನ ಲವಾಜಿಗೆ, ಅಂದರೆ ಕಾರು ತೊಳೆಯುವ ಅಂಗಳಕ್ಕೆ ಹೋಗಲೇಬೇಕು. ಕಳೆದ ವಾರ ಸೀಟಿನ ಸಂದಿಯಲ್ಲಿ ಪುಡಿ ಕಂಡ ಗೆಜಿಮ್, ಒಳ್ಳೆಯ ತಮ್ಮನಂತೆ ಅಕ್ಕನಿಗೆ ವರದಿ ಒಪ್ಪಿಸಿದ್ದ. "ಇನ್ನೊಂದು ಸಲ ಸಿಕ್ಕಿದ್ರೆ ನಾನು ತಮ್ಮನ ಮನೆಗೆ ಹೋಗ್ತೀನಿ. ಆಮೇಲೆ ನೀವೂ ನಿಮ್ಮ ಸಕ್ಕರೆಯೂ ಸುಖವಾಗಿರಿ," ಎಂದಿದ್ದಳು ಲುಮ್ತೂರಿ. ಅವಳು ಹೇಳಿದ್ದನ್ನು ಮಾಡುವವಳು. ಅವಳಿಲ್ಲದ ಮನೆಯಲ್ಲಿ ಒಂದು ದಿನ ಇರುವುದೂ ತೆಫಿಕ್‌ನಿಂದ ಆಗದು. ಗುರಾಬಿಯೆ ಇಲ್ಲದೆ ಇರುವುದೂ ಆಗದು.

"ಒಂದು ಕೆಲ್ಸ ಮಾಡಿ," ಎಂದ ಅಂಗಡಿಯವನು. "ಇದ್ರಲ್ಲಿ ಎಲ್ಲಾನೂ ಹೀರ್ಬಿಡಿ. ಆಮೇಲೆ ಯಾವ ಕಸ ಬೇಕೋ ಅದನ್ನ ನೀವೇ ಹಾಕ್ಕೊಳ್ಳಿ." ಒಳಗಿನದು ಹೊರಗೆ ಕಾಣದ ಕಪ್ಪು ಡಬ್ಬಿಯ ಯಂತ್ರವೊಂದನ್ನು ತೆಫಿಕ್ ಆರಿಸಿದ. ಶನಿವಾರ ಬೆಳಿಗ್ಗೆ ಕಾರನ್ನು ಕನ್ನಡಿ ಮಾಡಿ, ಮೇಲೆ ಹಿತ್ತಲಿನ ಮಣ್ಣು, ಬೂದಿ, ಬೀಜದ ಸಿಪ್ಪೆಗಳನ್ನು ಹದವಾಗಿ ಉದುರಿಸಿದ. ಯಂತ್ರ ಸ್ಟೆಪ್ನಿ ಚಕ್ರದ ಅಡಿಗೆ ಹೋಯಿತು.

ಲವಾಜಿನಲ್ಲಿ ಲುಮ್ತೂರಿ ನೆರಳಿಗೆ ಕುರ್ಚಿ ಎಳೆದುಕೊಂಡು ಕಾಫಿ ಕುಡಿಯುತ್ತಿದ್ದಳು. ಗೆಜಿಮ್ ಕಾರಿನ ಬಾಗಿಲು ತೆಗೆದವನು ಹಾಗೇ ನಿಂತ.

"ಭಾವ, ಹನ್ನೊಂದು ವರ್ಷದಿಂದ ನಿಮ್ಮ ಕಾರಿನ ಕಸ ನಾನು ನೋಡ್ತಾ ಇದ್ದೀನಿ. ಬೂದಿ ನಿಮ್ಮ ಕಡೆ, ಸಿಪ್ಪೆ ಅಕ್ಕನ ಕಡೆ. ಇವತ್ತು ಸಿಪ್ಪೆ ನಿಮ್ಮ ಕಡೆ, ಬೂದಿ ಅಕ್ಕನ ಕಡೆ. ಅಕ್ಕ ಯಾವಾಗಿಂದ ಸಿಗರೇಟು ಸೇದ್ತಾಳೆ?"

ತೆಫಿಕ್ ಬಗ್ಗಿ ತನ್ನ ಸೀಟಿನ ಸಿಪ್ಪೆಯನ್ನು ಆಚೆ ಬದಿಗೆ ತಳ್ಳಿದ.

"ಯಾರೋ ಇದನ್ನ ಕ್ಲೀನ್ ಮಾಡಿ, ನನಗೆ ಗೊತ್ತಾಗ್ಬಾರ್ದು ಅಂತ ಕಸ ವಾಪಸ್ ಹಾಕಿದ್ದಾರೆ." ಗೆಜಿಮ್‌ನ ದನಿ ಇಳಿಯಿತು. "ಯಾರ ಹತ್ರ ಹೋಗಿದ್ರಿ ಭಾವ?"

ಅತ್ತ ದರಿ, ಇತ್ತ ಪುಲಿ. ಯಂತ್ರ ತೋರಿಸಿದರೆ ಗುರಾಬಿಯೆ ಹೊರಬೀಳುತ್ತದೆ, ಲುಮ್ತೂರಿ ಮನೆ ಬಿಡುತ್ತಾಳೆ. ತೆಫಿಕ್ ರಸ್ತೆಯ ಆಚೆ ಬೆರಳು ತೋರಿಸಿದ. ಅಲ್ಲೂ ಒಂದು ಲವಾಜಿತ್ತು. ಅದರ ಯಜಮಾನನಿಗೂ ಗೆಜಿಮ್‌ನಿಗೂ ಮಾತು ನಿಂತು ಆರು ವರ್ಷ.

ಗೆಜಿಮ್ ನೀರಿನ ಪೈಪು ಕೆಳಗಿಟ್ಟು, ಬಕೆಟ್ಟು ಮಗುಚಿ ಅದರ ಮೇಲೆ ಕೂತ. "ಅಪ್ಪ ಹೋದಾಗ ಪೆಟ್ಟಿಗೆಗೆ ಮೊದಲು ಹೆಗಲು ಕೊಟ್ಟೋರು ನೀವು," ಎಂದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಲುಮ್ತೂರಿ ಎದ್ದು ಬಂದಳು. "ಹೋಗಿ ಹೋಗಿ ಅವನ ಹತ್ರನಾ? ಕದ್ದು ಸಿಹಿ ತಿಂದಿದ್ರೂ ತಡ್ಕೋತಿದ್ದೆ ಕಣ್ರೀ. ಇದನ್ನ ಹೆಂಗೆ ತಡ್ಕೊಳ್ಳಲಿ?"

"ತಡ್ಕೋತಿದ್ದೆಯಾ?" ತೆಫಿಕ್‌ನಿಗೆ ಹೋದ ಜೀವ ಬಂದಂತಾಯಿತು. ಓಡಿಹೋಗಿ ಸ್ಟೆಪ್ನಿಯ ಅಡಿಯಿಂದ ಯಂತ್ರ ತಂದು, ಕಪ್ಪು ಡಬ್ಬಿ ಬಿಚ್ಚಿ ಇಬ್ಬರ ಮುಂದೆ ಹಿಡಿದ. "ನೋಡ್ರಿ, ನಾನು ಯಾರ ಹತ್ರಾನೂ ಹೋಗಿಲ್ಲ. ತಿಂದಿದ್ದೂ ನಾನೇ, ಹೀರಿದ್ದೂ ನಾನೇ."

ಗೆಜಿಮ್ ಡಬ್ಬಿಯೊಳಗೆ ಇಣುಕಿದ. ಬೂದಿ, ಸಿಪ್ಪೆ, ಬೊಗಸೆ ತುಂಬ ಗುರಾಬಿಯೆ ಪುಡಿ. ಅವನ ಮುಖ ಅರಳಿತು. ಡಬ್ಬಿ ಕಿತ್ತುಕೊಂಡು, ಅದರಲ್ಲಿದ್ದುದನ್ನೆಲ್ಲ ಡ್ರೈವರ್ ಸೀಟಿನ ಮೇಲೆ ಪ್ರೀತಿಯಿಂದ ಸುರಿದ. "ಕೂತ್ಕೊಂಡು ಕಾಫಿ ಕುಡೀರಿ ಭಾವ. ಇದು ನನ್ನ ಕೆಲಸ," ಎಂದು ತನ್ನ ದೊಡ್ಡ ಯಂತ್ರ ಚಾಲೂ ಮಾಡಿದ. ಅದರ ಆರ್ಭಟ ತೆಫಿಕ್‌ನಿಗೆ ಅಂದು ಮದುವೆ ವಾದ್ಯದಷ್ಟು ಹಿತವಾಗಿ ಕೇಳಿಸಿತು.

ಲುಮ್ತೂರಿ ಮಾತ್ರ ಸೀಟಿನಿಂದ ಒಂದು ಚೂರು ಎತ್ತಿಕೊಂಡಿದ್ದಳು. ಬೆರಳ ನಡುವೆ ಹಿಸುಕಿದಳು. ಮೂಗಿನ ಹತ್ತಿರ ಹಿಡಿದಳು. ಮತ್ತೊಮ್ಮೆ ಹಿಡಿದಳು.

"ಲವಂಗ," ಎಂದಳು. "ನಾನು ಗುರಾಬಿಯೆಗೆ ಯಾವತ್ತೂ ಲವಂಗ ಹಾಕಿದವಳಲ್ಲ. ಯಾರ ಕೈರುಚಿ ಇದು?"

ಉತ್ತರ ಕೇಳಿಸಲೆಂದು ಗೆಜಿಮ್ ಯಂತ್ರ ನಿಲ್ಲಿಸಿದ.